ಕೊಲೆಗಾರ ಸಿಕ್ಕ ಮೇಲೆ ಉಳಿದವರೆಲ್ಲ

ದೈತ್ಯ ಗಾತ್ರದ ಚೀಸ್ ಗಾಲಿಯೊಂದು ಉರುಳಿಬಿದ್ದು ಒಬ್ಬಾಕೆಯ ಪ್ರಾಣ ಹೋಗುತ್ತದೆ. ಇನ್ನೊಬ್ಬನನ್ನು ಅವನದೇ ತೋಟದ ಹುಲ್ಲುಹಾಸಿಗೆ ಗೂಟ ಹೊಡೆದು ಕಟ್ಟಿ, ಕವಣೆ ಯಂತ್ರದಿಂದ ವೈನ್ ಬಾಟಲಿಗಳನ್ನು ಬೀಸಿ ಮುಗಿಸಲಾಗುತ್ತದೆ. ಇನ್ನೂ ಹೆಸರು ಮಾಡಿರದ ಒರ್ಲಾಂಡೊ ಬ್ಲೂಮ್ 2000ದ ಒಂದು ಕಂತಿನಲ್ಲಿ ಹುಲ್ಲೆತ್ತುವ ಕವೆಗೋಲಿನ ತಿವಿತಕ್ಕೆ ಸಿಕ್ಕು ಸಾಯುತ್ತಾನೆ. ಇಷ್ಟೆಲ್ಲ ನಡೆಯುವುದು ಗುಲಾಬಿ ಬಳ್ಳಿ ಹಬ್ಬಿದ ಮನೆಗಳ, ಚರ್ಚಿನ ಗಂಟೆ ಕೇಳಿಸುವ, ಭಾನುವಾರ ಕ್ರಿಕೆಟ್ ಆಡುವ ಊರುಗಳಲ್ಲಿ. ಅದೇ ‘ಮಿಡ್‌ಸಮರ್ ಮರ್ಡರ್ಸ್’ ಧಾರಾವಾಹಿ. ಕೆರೊಲಿನ್ ಗ್ರಹಾಂ 1987ರಲ್ಲಿ ಬರೆದ ಕಾದಂಬರಿಯನ್ನು ಆಂಥೊನಿ ಹೊರೊವಿಟ್ಜ್ ಚಿತ್ರಕಥೆಯಾಗಿಸಿ, 1997ರ ಮಾರ್ಚ್ 23ರಂದು ಬ್ರಿಟನ್ನಿನ ಐಟಿವಿಯಲ್ಲಿ ಮೊದಲ ಕಂತು ಬಂತು. ಮಿಡ್‌ಸಮರ್ ಎಂಬ ಜಿಲ್ಲೆ ನಕ್ಷೆಯಲ್ಲೆಲ್ಲೂ ಇಲ್ಲ. ಅದರ ಕಾಸ್ಟನ್ ಪಟ್ಟಣವಾಗಿ ತೆರೆಯ ಮೇಲೆ ಕಾಣುವುದು ಆಕ್ಸ್‌ಫರ್ಡ್‌ಶೈರಿನ ವಾಲಿಂಗ್‌ಫರ್ಡ್.

ವಿಚಿತ್ರವೆಂದರೆ ಇದನ್ನು ಜನ ನೋಡುವುದು ಮನಸ್ಸು ಹಗುರ ಮಾಡಿಕೊಳ್ಳಲಿಕ್ಕೆ. ಮೂರು ಹೆಣ ಬಿದ್ದರೂ ನೋಡುಗರ ಕೈಯ ಚಹಾ ತಣ್ಣಗಾಗುವುದಿಲ್ಲ. ಪತ್ತೇದಾರ ಟಾಮ್ ಬಾರ್ನಬಿಯ ಪಾತ್ರದಲ್ಲಿ ಜಾನ್ ನೆಟಲ್ಸ್ ಹುಬ್ಬು ತುಸು ಮೇಲೆತ್ತಿ, ದನಿ ಏರಿಸದೆ ಪ್ರಶ್ನೆ ಕೇಳುತ್ತಾನೆ. ಹೆಂಡತಿ ಜಾಯ್ಸ್ (ಜೇನ್ ವೈಮಾರ್ಕ್) ಮಾಡಿದ ಅಡುಗೆ ಗಂಟಲಲ್ಲಿ ಇಳಿಯದಿದ್ದರೂ ತುಟಿಪಿಟಕ್ಕೆನ್ನದೆ ತಿನ್ನುತ್ತಾನೆ. ಕೊನೆಯ ಹತ್ತು ನಿಮಿಷದಲ್ಲಿ ಕೊಲೆಗಾರ ಸಿಗುತ್ತಾನೆ. 2011ರಲ್ಲಿ ನೆಟಲ್ಸ್ ಹೊರಟುಹೋದಾಗ ನೀಲ್ ಡಜನ್ ಟಾಮ್‌ನ ದಾಯಾದಿ ಜಾನ್ ಬಾರ್ನಬಿಯಾಗಿ ಅದೇ ಕುರ್ಚಿಯಲ್ಲಿ ಕೂತ. ನಟ ಬದಲಾದ, ಕೊನೆಯ ಹತ್ತು ನಿಮಿಷ ಬದಲಾಗಲಿಲ್ಲ.

ಈ ನೆಮ್ಮದಿಯ ಮೂಲ ಧಾರ್ಮಿಕವಾದದ್ದು ಎಂದವನು ಕವಿ ಡಬ್ಲ್ಯು. ಎಚ್. ಆಡೆನ್. ಪತ್ತೇದಾರಿ ಕತೆಗಳ ಚಟ ಅಂಟಿಸಿಕೊಂಡಿದ್ದ ಆತ 1948ರಲ್ಲಿ ‘ದ ಗಿಲ್ಟಿ ವಿಕರೇಜ್’ ಎಂಬ ಪ್ರಬಂಧ ಬರೆದ. ಆತನ ತರ್ಕ ಇಷ್ಟು: ಕೊಲೆ ನಡೆದ ಕೂಡಲೇ ಊರಿನಲ್ಲಿ ಪ್ರತಿಯೊಬ್ಬನೂ ಸಂಶಯಕ್ಕೆ ಗುರಿಯಾಗುತ್ತಾನೆ. ಪಾದ್ರಿಯೂ, ವೈದ್ಯನೂ, ಹೂದೋಟದ ಅಜ್ಜಿಯೂ. ಅಪರಾಧಿ ಸಿಕ್ಕ ಗಳಿಗೆಯಲ್ಲಿ ಮಿಕ್ಕವರೆಲ್ಲರ ಮೇಲಿನ ಕೊಳೆ ಒಮ್ಮೆಲೇ ತೊಳೆದುಹೋಗುತ್ತದೆ, ಪಾಪ ಹೊಗುವುದಕ್ಕೆ ಮುಂಚಿನ ಈಡನ್ ತೋಟ ಮತ್ತೆ ಕೈಗೆ ಸಿಗುತ್ತದೆ. ಹಾಗಾದರೆ ಓದುಗನಿಗೆ ಬೇಕಾಗಿರುವುದು ಕೊಲೆಗಾರನಿಗೆ ಶಿಕ್ಷೆಯಲ್ಲ. ತಾನು ಕೊಲೆಗಾರನಲ್ಲ ಎಂಬ ಪ್ರಮಾಣಪತ್ರ.

ಆ ಪ್ರಮಾಣಪತ್ರ ಎಷ್ಟು ನಂಬಿಕೆಗೆ ಅರ್ಹ?

ಅನುಮಾನವನ್ನು ಎಬ್ಬಿಸಿದವರಲ್ಲಿ ನೆಟಲ್ಸ್ ಕೂಡ ಒಬ್ಬ. ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಚರಿತ್ರೆ, ತತ್ವಶಾಸ್ತ್ರ ಓದಿದವನು. ಬಾರ್ನಬಿಗೆ ಮೊದಲು, 1981ರಿಂದ 1991ರವರೆಗೆ, ಜರ್ಸಿ ದ್ವೀಪದ ಪತ್ತೇದಾರ ‘ಬರ್ಜರಾಕ್’ ಆಗಿ ಮನೆಮಾತಾಗಿದ್ದ. ಆ ದ್ವೀಪದ ನಂಟು ಮುಂದೆ ಬೇರೆ ದಾರಿ ಹಿಡಿಯಿತು: ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಚಾನೆಲ್ ದ್ವೀಪಗಳನ್ನು ಆಕ್ರಮಿಸಿಕೊಂಡಿದ್ದ 1940ರಿಂದ 1945ರವರೆಗಿನ ಕಾಲದ ಬಗ್ಗೆ ಆತ ಸಾಕ್ಷ್ಯಚಿತ್ರ ಮಾಡಿದ, 2012ರಲ್ಲಿ ‘ಜೂವೆಲ್ಸ್ ಅಂಡ್ ಜಾಕ್‌ಬೂಟ್ಸ್’ ಎಂಬ ಪುಸ್ತಕ ತಂದ. ಆ ಚರಿತ್ರೆಯಲ್ಲಿ ಕೊನೆಯ ಹತ್ತು ನಿಮಿಷ ಎಂಬುದೇ ಇಲ್ಲ. ಆ ದ್ವೀಪಗಳಲ್ಲೊಂದಾದ ಗರ್ನ್‌ಸಿಯಲ್ಲಿದ್ದ ತೆರೇಸ್ ಸ್ಟೈನರ್, ಔಗುಸ್ಟೆ ಸ್ಪಿಟ್ಜ್, ಮರಿಯಾನೆ ಗ್ರುನ್‌ಫೆಲ್ಡ್ ಎಂಬ ಮೂವರು ಯಹೂದಿ ಹೆಂಗಸರನ್ನು 1942ರಲ್ಲಿ ಫ್ರಾನ್ಸಿಗೆ ಸಾಗಿಸಿದರು. ಅಲ್ಲಿಂದ ಅವರು ಹೋದದ್ದು ಔಶ್ವಿಟ್ಜ್‌ಗೆ. ಅವರನ್ನು ಕೊಂದವರು ಯಾರು ಎಂದು ಕೇಳಿದರೆ ಜರ್ಮನರು ಎಂಬ ಉತ್ತರ ತಪ್ಪಲ್ಲ. ಆದರೆ ಯಹೂದಿಗಳ ಪಟ್ಟಿ ತಯಾರಾದದ್ದು ಆಜ್ಞೆ ಜರ್ಮನರದ್ದಾದರೂ ಸ್ಥಳೀಯ ಅಧಿಕಾರಿಗಳ ಕೈಯಿಂದ. ರುಜು ಹಾಕಿದವನು ಕೊಲೆಗಾರನೇ? ಕಾಗದವನ್ನು ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸಿದವನು? ನಿಜದ ಕೇಡು ಬಾರ್ನಬಿಗೆ ಸಿಗುವ ಹಾಗೆ ಸಿಗುವುದಿಲ್ಲ ಎಂಬುದನ್ನು ಬಾರ್ನಬಿಯ ವೇಷ ಕಳಚಿದವನೇ ತೋರಿಸಿಕೊಟ್ಟದ್ದು ಸೊಗಸಾದ ವ್ಯಂಗ್ಯ.

ಹಳ್ಳಿಯ ಈಡನ್ ತೋಟದ ಬೇಲಿ ಎಲ್ಲಿದೆ ಎಂಬುದೂ ಒಮ್ಮೆ ಬಯಲಾಯಿತು. 2011ರ ಮಾರ್ಚ್‌ನಲ್ಲಿ ಧಾರಾವಾಹಿಯ ನಿರ್ಮಾಪಕ ಬ್ರಯನ್ ಟ್ರೂ-ಮೇ ಪತ್ರಿಕೆಯೊಂದಕ್ಕೆ ಸಂದರ್ಶನ ಕೊಡುತ್ತಾ, ತಮ್ಮ ಹಳ್ಳಿಗಳಲ್ಲಿ ಬಿಳಿಯರಲ್ಲದವರಿಗೆ ಜಾಗವಿಲ್ಲ, ಬಂದರೆ ಅದು ಇಂಗ್ಲಿಷ್ ಹಳ್ಳಿಯಾಗಿ ಉಳಿಯುವುದಿಲ್ಲ ಎಂಬರ್ಥದಲ್ಲಿ ಮಾತಾಡಿದ. ಅವನನ್ನು ಅಮಾನತು ಮಾಡಿದರು, ಆಮೇಲೆ ಅವನು ಕೆಲಸ ಬಿಟ್ಟ. 2016ರಲ್ಲಿ ಮಂಜಿಂದರ್ ವಿರ್ಕ್ ಎಂಬ ಭಾರತೀಯ ಮೂಲದ ನಟಿ ಶವಪರೀಕ್ಷೆಯ ವೈದ್ಯೆಯಾಗಿ ಬಂದಳು. ಹಳ್ಳಿ ಉಳಿಯಿತು, ಕೊಲೆಗಳೂ ಉಳಿದವು.

ಇಂಗ್ಲಿಷ್ ಪತ್ತೇದಾರಿ ಪರಂಪರೆಯೊಳಗೇ ಆ ಪ್ರಮಾಣಪತ್ರಕ್ಕೆ ಎದುರು ಮಾತು ಆಡಿದವನು ಜಿ. ಕೆ. ಚೆಸ್ಟರ್‌ಟನ್. ಅವನ ಫಾದರ್ ಬ್ರೌನ್ ಪೊಲೀಸನಲ್ಲ, ಕೆಥೊಲಿಕ್ ಪಾದ್ರಿ. ಬಿಬಿಸಿ 2013ರಿಂದ ಮಾರ್ಕ್ ವಿಲಿಯಮ್ಸ್‌ನನ್ನು ಹಾಕಿಕೊಂಡು ಬ್ರೌನ್‌ನನ್ನೂ ಒಂದು ಚಂದದ ಹಳ್ಳಿಯಲ್ಲಿ ಕೂರಿಸಿತು. ಆದರೆ 1927ರ ಪುಸ್ತಕದಲ್ಲಿ ಬ್ರೌನ್ ತನ್ನ ಗುಟ್ಟು ಹೇಳುವ ರೀತಿಗೆ ಮೈ ಜುಮ್ಮೆನ್ನುತ್ತದೆ: ಆ ಕೊಲೆಗಳನ್ನೆಲ್ಲ ಮಾಡಿದ್ದು ತಾನೇ ಎನ್ನುತ್ತಾನೆ. ಅಂದರೆ, ಕೊಲ್ಲುವ ಮನಸ್ಸು ತನ್ನೊಳಗೇ ಇದೆ ಎಂದು ಒಪ್ಪಿಕೊಂಡ ಮೇಲಷ್ಟೇ ಕೊಲೆಗಾರ ಯಾರೆಂದು ಹೊಳೆಯುತ್ತದೆ. ಇಲ್ಲಿ ಪ್ರಮಾಣಪತ್ರ ಯಾರಿಗೂ ಇಲ್ಲ, ಪತ್ತೇದಾರನಿಗೂ.

ಈ ವಾದ ಕನ್ನಡಿಗರಿಗೆ ಹೊಸದಲ್ಲ. 1209ರಲ್ಲಿ ಜನ್ನ ಬರೆದ ‘ಯಶೋಧರ ಚರಿತೆ’ಯಲ್ಲಿ ಎರಡು ಕೊಲೆಗಳಿವೆ, ಕೊಂದವಳು ಯಾರೆಂಬುದರಲ್ಲಿ ಮುಚ್ಚುಮರೆ ಇಲ್ಲ. ಮಾವುತನಿಗೆ ಒಲಿದ ಅಮೃತಮತಿ ಗಂಡ ಯಶೋಧರನಿಗೂ ಅತ್ತೆ ಚಂದ್ರಮತಿಗೂ ವಿಷವಿಕ್ಕುತ್ತಾಳೆ. ಬಾರ್ನಬಿಯ ಕೈಗೆ ಸಿಕ್ಕಿದ್ದರೆ ಪ್ರಕರಣ ಅಲ್ಲಿಗೆ ಮುಕ್ತಾಯ. ಜನ್ನನಿಗೆ ಅದು ಬರೀ ಆರಂಭ. ಸತ್ತವರೇ ನವಿಲಾಗಿ, ನಾಯಾಗಿ, ಮೀನಾಗಿ, ಆಡಾಗಿ, ಕೋಳಿಯಾಗಿ ಜನ್ಮಜನ್ಮ ಕೊಲೆಗೀಡಾಗುತ್ತಾ ಹೋಗುತ್ತಾರೆ. ಕಾರಣ, ಸಾಯುವ ಮೊದಲು ಅವರು ಬಲಿ ಕೊಟ್ಟ ಒಂದು ಹುಂಜ. ಅದೂ ಹಿಟ್ಟಿನದು. ಜೀವವಿಲ್ಲದ ಹಿಟ್ಟಿಗೆ ಕತ್ತಿ ಎತ್ತಿದರೂ ಕೊಲ್ಲುವ ಸಂಕಲ್ಪಕ್ಕೆ ಜೀವವಿತ್ತಲ್ಲ. ಗಿರೀಶ ಕಾರ್ನಾಡರು ಈ ಕತೆಯನ್ನೇ ‘ಹಿಟ್ಟಿನ ಹುಂಜ’ವಾಗಿಸಿದರು. ಜೈನರ ಲೆಕ್ಕದಲ್ಲಿ ಹಿಂಸೆಗೆ ಮೂರು ಬಾಗಿಲು: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಮಾಡಿಸಿದ್ದು, ಮಾಡಿದವನನ್ನು ಸರಿಯೆಂದು ಒಪ್ಪಿದ್ದು. ಮಿಡ್‌ಸಮರ್ ನೋಡುವುದು ಮೊದಲ ಬಾಗಿಲನ್ನಷ್ಟೇ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯವೂ ಯಾವುದೇ ಕೆಲಸಕ್ಕೆ ಐದು ಕಾರಣ ಎಣಿಸುತ್ತದೆ: ನೆಲೆ, ಮಾಡುವವನು, ಸಲಕರಣೆ, ಬಗೆಬಗೆಯ ಚೇಷ್ಟೆ, ಐದನೆಯದು ದೈವ. ಕರ್ತೃ ಐದರಲ್ಲಿ ಒಂದು, ಅಷ್ಟೇ. ಇದನ್ನು ಅಪರಾಧಿಗೆ ತಪ್ಪಿಸಿಕೊಳ್ಳುವ ಕಿಂಡಿಯಾಗಿ ಬಳಸುವವರಿದ್ದಾರೆ, ಬಳಸಿದ್ದಾರೆ. ಆದರೆ ಹೊಣೆಯನ್ನು ತೆಳುವಾಗಿಸದೆ ಅಗಲವಾಗಿಸುವ ಓದೂ ಇದಕ್ಕುಂಟು.

ಆ ಓದು ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ತಿಳಿಯಲು ಹೈದರಾಬಾದಿನ ಉತ್ತರದಂಚಿನ ಜೀಡಿಮೆಟ್ಲಾಕ್ಕೆ ಬರಬೇಕು. ಗುಲಾಬಿ ಬಳ್ಳಿ ಇಲ್ಲ. ಔಷಧ, ರಾಸಾಯನಿಕ, ಪ್ಲಾಸ್ಟಿಕ್ ಕಾರ್ಖಾನೆಗಳ ಶೆಡ್ಡುಗಳು, ಅವುಗಳ ನಡುವೆ ಟ್ಯಾಂಕರುಗಳು, ಗಾಳಿಯಲ್ಲಿ ಮೂಗು ಮುಚ್ಚಿಸುವ ವಾಸನೆ. 1956ರವರೆಗೆ ಬೀದರ, ಕಲಬುರಗಿ, ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ಆ ಕಡೆಯ ಜನ ಕೂಲಿಗೆ, ಕೆಲಸಕ್ಕೆ ಈ ನಗರಕ್ಕೆ ಬರುವುದು ನಿಂತಿಲ್ಲ. ಜೀಡಿಮೆಟ್ಲಾ, ಬಾಲಾನಗರ, ಕೂಕಟ್‌ಪಲ್ಲಿಯ ಕಾರ್ಖಾನೆಗಳ ಹೊಲಸು ನೀರು ದಶಕಗಳ ಕಾಲ ಕೂಕಟ್‌ಪಲ್ಲಿ ನಾಲೆಯಲ್ಲಿ ಹರಿದು ಹುಸೇನ್ ಸಾಗರ ಸೇರಿತು. 1980ರ ದಶಕದ ಕೊನೆಗೆ ಹಲವು ಕಾರ್ಖಾನೆಗಳಿಗೆ ಸೇರಿ ಒಂದೇ ಶುದ್ಧೀಕರಣ ಘಟಕ ಬಂತು.

ಇನ್ನಷ್ಟು ಪಶ್ಚಿಮಕ್ಕೆ, ಬೀದರ ರಸ್ತೆಯ ಮೇಲೆಯೇ ಇರುವ ಪಟಾನ್‌ಚೆರುವಿನಲ್ಲೂ ಅಂಥದೇ ಘಟಕ. ಸುಮಾರು 90 ಔಷಧ ತಯಾರಕರ ತ್ಯಾಜ್ಯ ಅಲ್ಲಿಗೆ ಹೋಗುತ್ತಿತ್ತು. ಸ್ವೀಡನ್ನಿನ ಯೋಆಕಿಮ್ ಲಾರ್ಸನ್ ತಂಡ ಆ ಘಟಕದಿಂದ ಹೊರಬಿದ್ದ, ಅಂದರೆ ಶುದ್ಧವಾಗಿದೆ ಎನಿಸಿಕೊಂಡ ನೀರನ್ನು ಪರೀಕ್ಷಿಸಿ 2007ರಲ್ಲಿ ಪ್ರಕಟಿಸಿದ ಫಲಿತಾಂಶ ಲೋಕವನ್ನೇ ಬೆಚ್ಚಿಬೀಳಿಸಿತು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ. ಆ ಗುಳಿಗೆ ನುಂಗಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಅಂಥ ನೀರಿನಲ್ಲಿ ಪಳಗಿದ ರೋಗಾಣುಗಳಿಗೆ ಔಷಧ ನಾಟದಂತಾಗಿ, ಎಲ್ಲೋ ಒಂದು ಆಸ್ಪತ್ರೆಯಲ್ಲಿ ಯಾರೋ ಒಬ್ಬರು ಸತ್ತರೆ ಅಲ್ಲಿ ಹೆಣವಿದೆ, ಆಯುಧವಿದೆ, ಬೆರಳಚ್ಚು ಮಾತ್ರ ಇಲ್ಲ. ಊರವರನ್ನೆಲ್ಲ ಹಜಾರದಲ್ಲಿ ಕೂಡಿಸಿ ಒಬ್ಬನ ಕಡೆ ಬೆರಳು ತೋರಿಸಲು ಯಾವ ಬಾರ್ನಬಿಗೂ ಸಾಧ್ಯವಿಲ್ಲ. ವಾಲ್ವ್ ತಿರುಗಿಸಿದ ಕೂಲಿಯಾಳು, ತಿರುಗಿಸು ಎಂದ ಶಿಫ್ಟ್ ಮೇಲ್ವಿಚಾರಕ, ದರ ಇಳಿಸಿ ಎಂದು ದೂರದೇಶದಿಂದ ಒತ್ತಿದ ಖರೀದಿದಾರ, ಹತ್ತು ರೂಪಾಯಿ ಕಮ್ಮಿಯಾಯಿತೆಂದು ಖುಷಿಪಟ್ಟ ಗಿರಾಕಿ. ಗೀತೆ ಹೇಳಿದಂತೆ ಇಲ್ಲಿಯೂ ಕಾರಣ ಒಂದೇ ಅಲ್ಲ.

ಭಾರತದ ನ್ಯಾಯಾಲಯಗಳು ಈ ಗಂಟನ್ನು ಬಿಡಿಸಿದ ಬಗೆ ಗಮನಿಸುವಂಥದು. ದಿಲ್ಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ. ಎನ್. ಭಗವತಿಯವರ ಪೀಠ, ಅಪಾಯದ ಉದ್ದಿಮೆ ನಡೆಸುವವರು ಎಷ್ಟೇ ಎಚ್ಚರ ವಹಿಸಿದ್ದೇವೆಂದರೂ ಹಾನಿಯ ಹೊಣೆ ಅವರದೇ ಎಂದಿತು. 1996ರಲ್ಲಿ ರಾಜಸ್ಥಾನದ ಬಿಚ್ಛ್‌ಡಿ ಎಂಬ ಹಳ್ಳಿಯ ಪ್ರಕರಣದಲ್ಲಿ, ಕೆಡಿಸಿದವನೇ ದಂಡ ತೆರಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಹಳ್ಳಿಯ ಬಾವಿಗಳ ನೀರು ಕೆಂಪಾಗಿತ್ತು. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಕೋರ್ಟು ಹುಡುಕಲಿಲ್ಲ. ಜನ್ನ ಹುಡುಕಿದ್ದು ಸಂಕಲ್ಪವನ್ನು, ಕಾನೂನು ನೋಡಿದ್ದು ಫಲವನ್ನು. ಎರಡೂ ಸೇರಿ ಮಾಡಿದವನನ್ನೂ ಮಾಡಿಸಿದವನನ್ನೂ ಹಿಡಿಯಬಲ್ಲವು. ಅಗ್ಗದ ಗುಳಿಗೆಯ ಪಟ್ಟಿಯನ್ನು ಅಂಗಡಿಯಿಂದ ತಂದು, ಅದು ಎಲ್ಲಿ ತಯಾರಾಯಿತೆಂದು ತಿರುಗಿಸಿಯೂ ನೋಡದ ಗಿರಾಕಿ ಜೈನರ ಮೂರನೆಯ ಬಾಗಿಲ ಬಳಿ ಇದ್ದಾನೆ. ಅವನ ಹೆಸರಿನಲ್ಲಿ ಯಾವ ಠಾಣೆಯಲ್ಲೂ ಎಫ್‌ಐಆರ್ ಆಗುವುದಿಲ್ಲ.