ತಾತಂಗೆ ಬಿಸಿನೆಸ್ ಬರಲ್ವಾ?

ಮೂರನೇ ಕ್ಲಾಸಿನ ನನ್ನ ಮಗಳು ಈಗ ಉದ್ಯಮಿ. ಹಾಗಂತ ಸರ್ಟಿಫಿಕೇಟೇ ಇದೆ. ಬೇಸಿಗೆ ರಜೆಯಲ್ಲಿ ನಮ್ಮ ಅಪಾರ್ಟ್‌ಮೆಂಟಲ್ಲಿ ಮಕ್ಕಳಿಗೆ ಎಂಟ್ರಪ್ರೆನರ್‌ಶಿಪ್ ಶಿಬಿರ ನಡೀತು, ಕೊನೇ ದಿನ ಸ್ಟಾಲು ಹಾಕಿಸಿದರು. ಇಬ್ಬರು ಗೆಳತಿಯರ ಜೊತೆ ಸೇರಿ ನಿಂಬೆ ಪಾನಕ ಮಾರಿ 640 ರೂಪಾಯಿ ‘ಲಾಭ’ ಮಾಡಿದಳು. ನಿಂಬೆಹಣ್ಣು, ಸಕ್ಕರೆ, ಐಸು, ಪೇಪರ್ ಲೋಟ ಎಲ್ಲಾ ನನ್ನ ದುಡ್ಡು. ಅದನ್ನ ಯಾರೂ ಲೆಕ್ಕಕ್ಕೆ ಹಿಡೀಲಿಲ್ಲ. ನಾನೂ ಹಿಡೀಲಿಲ್ಲ, ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿದೆ.

ಅದಾದ ಮೇಲೆ, 2025ರ ಜೂನ್‌ನಲ್ಲಿ, ಊರಿಗೆ ಹೋದ್ವಿ. ನಮ್ಮದು ಶ್ರೀನಿವಾಸಪುರದ ಕಡೆ ಹಳ್ಳಿ. ತೋಪಿನ ತುಂಬಾ ತೋತಾಪುರಿ ಉದುರಿ ಕೊಳೀತಾ ಇತ್ತು. ನಮ್ಮ ಕಡೆಯ ತೋತಾಪುರಿ ಗಡಿಯಾಚೆ ಚಿತ್ತೂರಿನ ಪಲ್ಪ್ ಫ್ಯಾಕ್ಟರಿಗಳನ್ನ ನಂಬಿಕೊಂಡಿದೆ. ಆ ತಿಂಗಳು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಗೆ ಬರಕೂಡದು ಅಂತ ಆದೇಶ ಹೊರಡಿಸಿತ್ತು. ಶ್ರೀನಿವಾಸಪುರ ಬಂದ್ ಆಯ್ತು, ನಮ್ಮ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆದರು. ಹಣ್ಣು ಯಾರಿಗೂ ಕಾಯಲಿಲ್ಲ. ಕೀಳಿಸಿದರೆ ಕೂಲಿಯೂ ಹುಟ್ಟಲ್ಲ ಅಂತ ಅಪ್ಪ ಮರದಲ್ಲೇ ಬಿಟ್ಟಿದ್ದರು.

ರಾತ್ರಿ ಮಲಗೋವಾಗ ಮಗಳು ಮೆಲ್ಲಗೆ ಕೇಳಿದಳು. "ಅಪ್ಪಾ, ತಾತಂಗೆ ಬಿಸಿನೆಸ್ ಬರಲ್ವಾ?"

ಸಿಟ್ಟು ಬಂತು. ಆಮೇಲೆ ಯೋಚಿಸಿದರೆ ತಪ್ಪು ಅವಳದ್ದಲ್ಲ. ಒಳ್ಳೇ ಐಡಿಯಾ, ಸ್ವಲ್ಪ ಧೈರ್ಯ ಇದ್ದರೆ ಲಾಭ ಬರುತ್ತೆ ಅಂತ ಹೇಳಿಕೊಟ್ಟಿದ್ದೀವಿ. ಹಾಗಿದ್ದ ಮೇಲೆ ಲಾಭ ಬರದವನು ದಡ್ಡ, ಇಲ್ಲಾ ಪುಕ್ಕಲ. ಮಗು ಲೆಕ್ಕ ಸರಿಯಾಗೇ ಮಾಡಿತ್ತು.

ಅಪ್ಪನಷ್ಟು ರಿಸ್ಕ್ ತಗೊಂಡವರನ್ನ ನಾನು ಯಾವ ಸ್ಟಾರ್ಟಪ್ಪಲ್ಲೂ ನೋಡಿಲ್ಲ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೆಚ್ಚಿಕೊಂಡು, ಸಸಿ, ಕಡ್ಡಿ, ದಾರ, ಔಷಧಿ, ಡ್ರಿಪ್ಪು ಅಂತ ಎಲ್ಲಾ ಮೊದಲೇ ಸುರಿದು ಟೊಮೇಟೊ ಇಡ್ತಾರೆ. 2023ರ ಜುಲೈನಲ್ಲಿ ಕೋಲಾರದ ಮಂಡಿಯಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತು. ಆಗ ತೋಟದಲ್ಲಿ ಕಾಯಿ ಇದ್ದವರು ಪೇಪರಲ್ಲಿ ಬಂದರು. ಸೆಪ್ಟೆಂಬರ್ ಹೊತ್ತಿಗೆ ರೇಟು ಬಿದ್ದೇ ಹೋಯ್ತು. ಜುಲೈನಲ್ಲಿ ಕಿತ್ತವನು ಜಾಣ, ಸೆಪ್ಟೆಂಬರಲ್ಲಿ ಕಿತ್ತವನು ಪೆದ್ದ ಅನ್ನೋಕಾಗುತ್ತಾ? ಇಬ್ಬರೂ ಒಂದೇ ನರ್ಸರಿಯ ಸಸಿ ತಂದಿರ್ತಾರೆ.

ಹಾಗಂತ ಮಕ್ಕಳಿಗೆ ವ್ಯಾಪಾರ ಕಲಿಸಬಾರದು ಅಂತಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2019ರಲ್ಲಿ ಶುರುವಾದ ಉದ್ಯಮಶೀಲತೆಯ ಪಠ್ಯ 9ನೇ ಕ್ಲಾಸಿಂದ ಮೇಲಿನವರಿಗೆ ಇತ್ತು. ಚಿಕ್ಕವರಿಗೆ ಅಂದ್ರೆ ನಮ್ಮ ಸರ್ಕಾರಿ ಶಾಲೆಗಳ ಮಕ್ಕಳ ಸಂತೆಯೇ ನನಗೆ ಇಷ್ಟ. ಹಿತ್ತಲ ಸೊಪ್ಪು, ತೆಂಗಿನಕಾಯಿ ತಂದು, ತಕ್ಕಡಿ ಹಿಡಿದು, ಚಿಲ್ಲರೆ ಎಣಿಸಿ ಮಾರ್ತಾರೆ. ಆದರೆ ಅಲ್ಲೂ ಕೊಳ್ಳೋರು ಮೇಷ್ಟ್ರು, ಅಪ್ಪ-ಅಮ್ಮ. ಏನೂ ಉಳಿಯೋ ಹಾಗಿಲ್ಲ. ಅದು ಮಕ್ಕಳಿಗೆ ನಾವು ಹೇಳೋ ಸಣ್ಣ ಸುಳ್ಳು. ಎಂಟು ವರ್ಷಕ್ಕೆ ಆ ಸುಳ್ಳು ಬೇಕೇನೋ.

ನನಗೆ ಆ ಸುಳ್ಳು ಸಿಗಲಿಲ್ಲ. ರಜೆಯಲ್ಲಿ ಅಪ್ಪನ ಜೊತೆ ಮಂಡಿಗೆ ಹೋಗ್ತಿದ್ದೆ. ಗಾಡಿ ಬಾಡಿಗೆಯೂ ಗಿಟ್ಟದ ಒಂದು ದಿನ ನನಗೆ ಬನ್ ಕೊಡಿಸಿ, ತಾವು ಟೀ ಕೂಡ ಕುಡಿಯದೆ ನಿಂತಿದ್ದರು. ಆ ಪಾಠ ಚೆನ್ನಾಗೇ ತಲೆಗೆ ಹತ್ತಿತು: ಬಿಇ ಮುಗಿಸಿ ತಿಂಗಳ ಸಂಬಳ ಹಿಡಿದು ಕೂತಿದ್ದೀನಿ. ಧೈರ್ಯ ಮಾಡು ಅಂತ ಮಗಳಿಗೆ ಹೇಳೋ ನಾನು ಇವತ್ತಿನವರೆಗೆ ಒಂದು ರೂಪಾಯಿ ವ್ಯಾಪಾರ ಮಾಡಿಲ್ಲ.

ಹಾಗಾದರೆ ಮಗುಗೆ ಎಷ್ಟು ನಿಜ ಹೇಳಬೇಕು? ಬೆಂಗಳೂರಿಗೆ ಬಂದ ಮೇಲೆ ಪಾನಕದ ಬಿಲ್ಲುಗಳನ್ನ ಮಗಳ ಮುಂದಿಟ್ಟೆ. ಒಟ್ಟು 410 ರೂಪಾಯಿ. "ಇದು ಅಸಲು. ನನಗೆ ಕೊಟ್ಟು ಉಳಿದದ್ದು ನಿಮ್ಮ ಮೂವರದ್ದು." ತಲಾ 76 ಬಂತು, ಎರಡು ರೂಪಾಯಿ ಮಿಕ್ಕಿತು.

"ಅವತ್ತು ಮಳೆ ಬಂದು ಯಾರೂ ಕುಡೀದೇ ಇದ್ದಿದ್ರೆ?"

"ಆಗ್ಲೂ 410 ಕೊಡಬೇಕಿತ್ತು."

ಮುಖ ಸಪ್ಪಗಾಯಿತು. "ಮಗು ಹತ್ರ ವಸೂಲಿಗೆ ನಿಂತಿದ್ದೀರಲ್ರೀ" ಅಂತ ಹೆಂಡತಿ ಗದರಿದಳು. ಅವಳ ಮಾತೂ ಸರಿ ಇರಬಹುದು, ನನಗಿನ್ನೂ ತೀರ್ಮಾನಕ್ಕೆ ಬರೋಕಾಗಿಲ್ಲ.

ಸಂಜೆ ಮಗಳು ತಾನಾಗೇ ಊರಿಗೆ ಫೋನ್ ಹಚ್ಚಿದಳು. "ತಾತಾ, ಮಾವಿನಕಾಯಿಗೆ ಅಸಲು ಎಷ್ಟು ಹಾಕಿದ್ದೆ?"

ಆ ಕಡೆಯಿಂದ ಅಪ್ಪ ಹೇಳೋಕೆ ಶುರು ಮಾಡಿದರು. ಉಳುಮೆ, ಗೊಬ್ಬರ, ಎರಡು ಸಲ ಔಷಧಿ, ಕಾವಲು... "ತಾತಾ, ನಿಧಾನ, ನಿಧಾನ" ಅಂತ ಮಗಳು ನೋಟ್‌ಬುಕ್ಕಿನಲ್ಲಿ ಬರ್ಕೊತಾ ಇದ್ದಳು.