ನಮ್ಮ ಕೋಳಿ ಯಾವುದು?

ಒಂದು ಅಡುಗೆ 'ನಮ್ಮದು' ಎನಿಸಿಕೊಳ್ಳುವುದು ಯಾವಾಗ? ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆಯ ಮನೆಗಳಲ್ಲಿ ಈ ಪ್ರಶ್ನೆ ಈಗ ಊಟಕ್ಕೆ ಕುಳಿತಾಗಲೇ ಏಳುತ್ತದೆ. ಅರಳಸುರಳಿ ಕಡೆಯ ನಮ್ಮ ನೆಂಟರ ಮನೆಯ ಹುಡುಗಿ ಮೊಬೈಲಿನಲ್ಲಿ ನೋಡಿಕೊಂಡು ವಿಯೆಟ್ನಾಂ ಶೈಲಿಯ ಕೋಳಿ ಮಾಡುತ್ತಾಳೆ. ಅವಳ ತಮ್ಮ ಶಿವಮೊಗ್ಗಕ್ಕೆ ಹೋದರೆ ಕರಿದ ಕೋಳಿಯ ಡಬ್ಬಿ ಹಿಡಿದೇ ಮರಳುತ್ತಾನೆ. ಎರಡನ್ನೂ ಖುಷಿಯಿಂದ ತಿನ್ನುವ ಅವರ ದಾದಿ, ತಿಂದಾದ ಮೇಲೆ, 'ಏನೇ ಹೇಳಿ, ಇದು ನಮ್ಮದಲ್ಲ' ಎನ್ನುತ್ತಾರೆ. ಕಡುಬು, ಅಕ್ಕಿ ರೊಟ್ಟಿ, ಕೋಳಿ ಸಾರು ನಮ್ಮದು, ಉಳಿದದ್ದೆಲ್ಲ ಪರದೇಶದ್ದು. ಇದನ್ನು ಹಳಬರ ಹಟವೆಂದು ತಳ್ಳಿಹಾಕುವಂತಿಲ್ಲ. ತಿನ್ನುವ ಅನ್ನದ ಬಗ್ಗೆ ನಮ್ಮ ಹೊಣೆ ಎಲ್ಲಿಯವರೆಗೆ ಎಂಬ ಗಂಭೀರ ಪ್ರಶ್ನೆ ಆ ಮಾತಿನೊಳಗಿದೆ.

ಮೊದಲು ಆ ವಿಯೆಟ್ನಾಂ ಕೋಳಿಯನ್ನೇ ನೋಡೋಣ. ಕೋಳಿಯ ಸಣ್ಣ ತುಂಡುಗಳಿಗೆ ಜಜ್ಜಿ ಹೆಚ್ಚಿದ ಮಜ್ಜಿಗೆ ಹುಲ್ಲು, ಬೆಳ್ಳುಳ್ಳಿ, ಮೆಣಸಿನಕಾಯಿ, ಕಾಳುಮೆಣಸು ಹಚ್ಚಿ ಸ್ವಲ್ಪ ಹೊತ್ತು ಬಿಡಬೇಕು. ಬಾಣಲೆಯಲ್ಲಿ ಸಕ್ಕರೆಯನ್ನು ಕಂದು ಬಣ್ಣ ಬರುವ ತನಕ ಕರಗಿಸಿ, ಅದರಲ್ಲಿ ಕೋಳಿಯನ್ನು ಹುರಿದು, ಮೀನಿನ ರಸ ಹಾಕಿ ಬೇಯಿಸಬೇಕು. ಮೀನಿನ ರಸವೆಂದರೆ, ನಮ್ಮ ಕರಾವಳಿಯವರು ಬೊಳೆಂಜಿರ್ ಎನ್ನುವ ಜಾತಿಯ ಸಣ್ಣ ಮೀನನ್ನು ಉಪ್ಪಿನೊಂದಿಗೆ ಪೀಪಾಯಿಯಲ್ಲಿ ಸುಮಾರು ಒಂದು ವರ್ಷ ಇಟ್ಟು ಇಳಿಸಿಕೊಂಡ ರಸ. ನಮ್ಮ ಹುಡುಗಿಗೆ ಅದು ಸಿಗುವುದಿಲ್ಲ, ಸೋಯಾ ಸಾಸ್ ಸುರಿಯುತ್ತಾಳೆ. (ಅಲ್ಲಿಯವರು ಒಪ್ಪಲಿಕ್ಕಿಲ್ಲ.) ಉಳಿದದ್ದರಲ್ಲಿ ಪರದೇಶದ್ದು ಯಾವುದು? ಮಜ್ಜಿಗೆ ಹುಲ್ಲು ಹಿತ್ತಲಿನದು, ಶೀತ ಜ್ವರಕ್ಕೆ ಕಷಾಯ ಮಾಡುವಂಥದ್ದು. ಕಾಳುಮೆಣಸು ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯದು. ಅಡಿಕೆಯೂ ವಿಯೆಟ್ನಾಮಿನವರಿಗೆ ಹೊಸತಲ್ಲ, ಅಲ್ಲಿ ಸಂಪ್ರದಾಯದಂತೆ ಮದುವೆಯ ಮಾತಿಗೆ ಎಲೆ ಅಡಿಕೆ ಇಡಲೇಬೇಕು. ಇತ್ತ ದಾದಿಯ ಕೋಳಿ ಸಾರಿಗೆ ಬಣ್ಣ ಕೊಡುವ ಒಣಮೆಣಸಿನಕಾಯಿ ಪೋರ್ಚುಗೀಸರ ಮೂಲಕ ಅಮೆರಿಕ ಖಂಡದಿಂದ ಬಂದದ್ದು. ಕೋಳಿಯ ಪೂರ್ವಜರೇ ಆಗ್ನೇಯ ಏಷ್ಯದ ಕಾಡುಕೋಳಿಗಳು ಎನ್ನುತ್ತಾರೆ ವಿದ್ವಾಂಸರು.

ಕಾಳುಮೆಣಸಿನ ಕಥೆ ಇನ್ನೂ ವಿಚಿತ್ರವಾದುದು. ಅದು ಪಶ್ಚಿಮ ಘಟ್ಟದ ಬಳ್ಳಿ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದೇ ಕರೆದರು. ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಮೆಣಸು ಬೆಳೆಯುವ ದೇಶ ವಿಯೆಟ್ನಾಂ. ಅಲ್ಲಿಯ ಮೆಣಸು ಶ್ರೀಲಂಕಾದ ದಾರಿಯಾಗಿ ಅಗ್ಗದಲ್ಲಿ ಬಂದು ಇಲ್ಲಿಯ ಬೆಲೆ ಕುಸಿಯುತ್ತಿದೆ ಎಂದು ಬೆಳೆಗಾರರು ಗೋಳಿಟ್ಟ ಮೇಲೆ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ದರ ಗೊತ್ತುಮಾಡಿತು. ಮಲೆನಾಡಿನ ಬೆಳೆಗಾರನಿಗೆ ವಿಯೆಟ್ನಾಂ ಎಂದರೆ ಮೊದಲು ನೆನಪಾಗುವುದು ಈ ಪೈಪೋಟಿಯೇ. ಅದೇ ಬೆಳೆಗಾರನ ಮಗಳು ಅವರ ಅಡುಗೆ ಮಾಡಿ ಅಪ್ಪನಿಗೆ ಬಡಿಸುತ್ತಾಳೆ. ಇದರಲ್ಲಿ ದ್ರೋಹವೇನೂ ನನಗೆ ಕಾಣುವುದಿಲ್ಲ. ಅಲ್ಲಿ ಮೆಣಸು ಕೊಯ್ಯುವವನ ಮನೆಯಲ್ಲೂ ಸಂಜೆ ಒಲೆ ಉರಿಯುತ್ತದೆ ಎಂಬುದು ಈ ಪರಿಮಳದಿಂದಲಾದರೂ ನಮಗೆ ತಿಳಿದರೆ ಒಳ್ಳೆಯದೇ ಆಯಿತು.

ಇನ್ನು ಡಬ್ಬಿಯ ಕೋಳಿ. ಅದರ ಮೇಲಿನ ಜಗಳ ಕರ್ನಾಟಕಕ್ಕೆ ಹಳೆಯದು. ಕೆಂಟಕಿ ಫ್ರೈಡ್ ಚಿಕನ್ ದೇಶದ ತನ್ನ ಮೊದಲ ಮಳಿಗೆಯನ್ನು 1995ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ತೆರೆಯಿತು. ಅಜಿನೊಮೊಟೊ ಮಿತಿ ಮೀರಿದೆಯೆಂದು ಅದೇ ವರ್ಷ ಪಾಲಿಕೆ ಪರವಾನಗಿ ರದ್ದುಪಡಿಸಿತು, ಹೈಕೋರ್ಟಿನ ಆದೇಶದಿಂದ ಮಳಿಗೆ ಮತ್ತೆ ನಡೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದ ಕಾರ್ಯಕರ್ತರು ಒಳನುಗ್ಗಿ ಅದನ್ನು ಧ್ವಂಸಗೊಳಿಸಿದರು. ಗಾಂಧೀಜಿ ಹುತಾತ್ಮರಾದ ದಿನ ಗಾಜು ಒಡೆದದ್ದನ್ನು ನಾನು ಸಮರ್ಥಿಸಲಾರೆ. ಆದರೆ ನಮ್ಮ ತಟ್ಟೆಯ ಮೇಲೆ ಯಾರ ಹಿಡಿತವಿರಬೇಕು, ಇದರಿಂದ ರೈತನಿಗೆ ದಕ್ಕುವುದೆಷ್ಟು ಎಂದು ಅವರು ಎತ್ತಿದ ಪ್ರಶ್ನೆ ಗಾಜಿನ ಚೂರುಗಳ ಜೊತೆ ಗುಡಿಸಿಹೋಗುವಂಥದ್ದಲ್ಲ.

ತೊಡಕಿರುವುದು ಬೇರೆಡೆ. ಅಂದಿನ ಸಿಟ್ಟು ವಿದೇಶಿ ಕಂಪನಿಯ ಬಾಗಿಲ ಮುಂದೆಯೇ ನಿಂತುಬಿಟ್ಟಿತು. ಆ ಬಳಿಕ ನಮ್ಮ ಊರುಗಳ ಅಂಗಡಿಯ ಕೋಳಿಯೂ ಬದಲಾಯಿತು. ಇಂದು ಮನೆಯ ಸಾರಿನಲ್ಲಿ ಬೇಯುವುದು, ಹುಡುಗಿಯ ಬಾಣಲೆಯಲ್ಲಿ ಹುರಿಯುವುದು, ಡಬ್ಬಿಯಲ್ಲಿ ಬರುವುದು ಎಲ್ಲವೂ ಬಹುಪಾಲು ಒಂದೇ ಬಗೆಯ ಫಾರಂ ಕೋಳಿ. 35ರಿಂದ 42 ದಿನಗಳಲ್ಲಿ ಎರಡು ಕಿಲೋ ತೂಗುವಂತೆ ತಳಿ ಮಾಡಿದ್ದು. ಕೆಲವಕ್ಕೆ ತಮ್ಮ ಮೈಯ ಭಾರಕ್ಕೇ ಕಾಲು ನಿಲ್ಲುವುದಿಲ್ಲ. ಗುತ್ತಿಗೆ ಸಾಕಣೆಯಲ್ಲಿ ಮರಿ, ಮೇವು, ಔಷಧಿ ಕಂಪನಿಯದು. ಶೆಡ್ಡು, ಕರೆಂಟು, ದುಡಿಮೆ ರೈತನದು. ಅವನಿಗೆ ಸಿಗುವುದು ಕಿಲೋ ಲೆಕ್ಕದ ಸಾಕಣೆ ಕೂಲಿ. ಅಂದ ಮೇಲೆ ಮನೆಯಡುಗೆ ಪವಿತ್ರ, ಹೊರಗಿನದು ಅಪವಿತ್ರ ಎಂದು ಗೆರೆ ಎಳೆಯುವುದು ಹೇಗೆ? ಸ್ವದೇಶಿಯೆಂಬ ಮಾತ್ರಕ್ಕೆ ಶುದ್ಧವೆಂದೂ ಅಲ್ಲ. ನಮ್ಮ ಬೀದಿಬದಿಯ ಕಬಾಬಿಗೆ ಕೃತಕ ಬಣ್ಣ ಹಾಕಬಾರದೆಂದು 2024ರ ಜೂನಿನಲ್ಲಿ ರಾಜ್ಯ ಸರಕಾರ ಆದೇಶ ಹೊರಡಿಸಬೇಕಾಯಿತು.

ಫಾಸ್ಟ್ ಫುಡ್ಡನ್ನು ಬಯ್ಯುವವರಲ್ಲಿ ಬಹುತೇಕರು ಎಂದೂ ಒಲೆಯ ಮುಂದೆ ನಿಲ್ಲದ ಗಂಡಸರು ಎಂಬುದನ್ನೂ ಹೇಳಲೇಬೇಕು. ಹೊರಗಿನ ಡಬ್ಬಿ ಬಂದ ರಾತ್ರಿ ಆ ಮನೆಯ ತಾಯಿ ಮಸಾಲೆ ಅರೆಯುವುದಿಲ್ಲ, ಪಾತ್ರೆ ತಿಕ್ಕುವುದಿಲ್ಲ, ಎಲ್ಲರ ಜೊತೆಯಲ್ಲೇ ಕುಳಿತು ತಿನ್ನುತ್ತಾಳೆ. ಈ ಸುಖವನ್ನು ಬಾಯಿಚಪಲವೆಂದು ಹಳಿಯುವವರು ಮೊದಲು ಒಂದು ರಾತ್ರಿ ತಾವು ಅಡುಗೆ ಮಾಡಲಿ. ಇನ್ನೊಂದು ಕುತೂಹಲದ ಸಂಗತಿ: ಈ ಕರಿದ ಕೋಳಿಯೂ ಮೊದಲು ಒಬ್ಬ ಮನುಷ್ಯನ ಕೈರುಚಿಯೇ ಆಗಿತ್ತು. ಕೆಂಟಕಿಯ ರಸ್ತೆ ಬದಿಯಲ್ಲಿ ದಾರಿಹೋಕರಿಗೆ ಬಡಿಸುತ್ತಿದ್ದ ಹಾರ್ಲಂಡ್ ಸ್ಯಾಂಡರ್ಸ್ 1964ರಲ್ಲಿ ಕಂಪನಿಯನ್ನು ಮಾರಿದ. ಮುಂದೆ ಅದೇ ಕಂಪನಿಯ ಗ್ರೇವಿ ಕೆಟ್ಟಿದೆಯೆಂದು ಬಹಿರಂಗವಾಗಿಯೇ ಜರೆದ. ಕೋಟಿನ ಮುದುಕನ ಚಿತ್ರ ಮಾತ್ರ ಡಬ್ಬಿಯ ಮೇಲೆ ಉಳಿಯಿತು.

ಮುಸ್ಲಿಮರಾದ ನಾವು ಹಲಾಲ್ ಫಲಕವಿದೆಯೇ ಎಂದು ನೋಡಿ ಒಳಹೋಗುತ್ತೇವೆ. ನೋಡಬೇಕಾದದ್ದೇ. ಆದರೆ ಕುರ್‌ಆನ್ ಹಲಾಲಿನ ಜೊತೆಗೇ ತಯ್ಯಿಬ್ ಎಂಬ ಮಾತನ್ನೂ ಇಟ್ಟಿದೆ: ಒಳ್ಳೆಯದು, ನಿರ್ಮಲವಾದದ್ದು. ಚೂರಿಯನ್ನು ಹರಿತಗೊಳಿಸಿ ಪ್ರಾಣಿಯ ನೋವು ಕಡಿಮೆ ಮಾಡಿರೆಂದು ಪ್ರವಾದಿಯವರು ಕಲಿಸಿದರು. ಕೊನೆಯ ಗಳಿಗೆಯಲ್ಲಿ ಅಷ್ಟು ಕರುಣೆ ಬೇಕೆಂದಾದರೆ, ಅದಕ್ಕೆ ಮುಂಚಿನ 40 ದಿನಗಳಿಗೆ ಯಾವ ಲೆಕ್ಕವೂ ಇಲ್ಲವೇ? 2022ರ ಯುಗಾದಿಯ ಹೊಸತೊಡಕಿನ ಹೊತ್ತಿಗೆ ರಾಜ್ಯದಲ್ಲಿ ಹಲಾಲ್ ಬಹಿಷ್ಕಾರದ ಕೂಗೆದ್ದಿತು. ಎರಡೂ ಕಡೆಯವರು ದಿನಗಟ್ಟಲೆ ಚೂರಿಯ ಬಗ್ಗೆ ವಾದಿಸಿದರು. ಕೋಳಿ ಹೇಗೆ ಬದುಕಿತ್ತೆಂದು ಕೇಳಿದವರನ್ನು ನಾನು ಕಾಣಲಿಲ್ಲ.

ವಿಯೆಟ್ನಾಮಿನವರೂ ಇದೇ ಗೊಂದಲದಲ್ಲಿದ್ದಾರೆ. ಅವರ ನಗರಗಳಿಗೆ ಅದೇ ಅಮೆರಿಕದ ಮಳಿಗೆ 1997ರಲ್ಲಿ ಬಂತು. ನಾವು ನಾಟಿ, ಫಾರಂ ಎನ್ನುವಂತೆ ಅವರೂ ಕೋಳಿಯನ್ನು ಎರಡಾಗಿ ವಿಂಗಡಿಸುತ್ತಾರೆ. ಫಾರಮ್ಮಿನದಕ್ಕೆ ಅವರಲ್ಲಿ 'ಕೈಗಾರಿಕೆಯ ಕೋಳಿ' ಎಂದು ಹೆಸರು. ಅಂಗಳದಲ್ಲಿ ಕೆದಕಿ ತಿನ್ನುವುದಕ್ಕೆ 'ಗಾ ತಾ' ಎನ್ನುತ್ತಾರೆ, ಅಂದರೆ 'ನಮ್ಮ ಕೋಳಿ'. ದಾದಿಯ ಮಾತು ಅಲ್ಲಿಯ ಅಜ್ಜಿಯರ ಬಾಯಲ್ಲೂ ಇದೆ!

ಹಾಗೆಂದು ಎಲ್ಲರೂ ನಾಟಿ ಕೋಳಿಯನ್ನೇ ತಿನ್ನಲಿ ಎಂದು ಹೇಳುವುದು ಸುಲಭ. ಅದು ಬೆಳೆಯಲು ಐದಾರು ತಿಂಗಳು ಬೇಕು, ಬೆಲೆಯೂ ಹೆಚ್ಚು. ತೋಟದ ಕೂಲಿಯವನ ಮಕ್ಕಳಿಗೆ ವಾರಕ್ಕೊಮ್ಮೆ ಮಾಂಸ ಸಿಗುವಂತಾದದ್ದು ಈ ಅಗ್ಗದ ಫಾರಂ ಕೋಳಿಯಿಂದಲೇ. ಅವನಿಗೆ ಉಪದೇಶ ಮಾಡುವ ಬಾಯಿ ನನಗಿಲ್ಲ. ಎರಡನ್ನೂ ಕೊಳ್ಳಬಲ್ಲ ನಮ್ಮಂಥವರ ಮನೆಗಳಲ್ಲಿ ವಾರಕ್ಕೆ ನಾಲ್ಕು ದಿನ ಕೋಳಿ ಬೇಯುತ್ತಿದೆಯಲ್ಲ, ಕೇಳುವುದಾದರೆ ಅಲ್ಲಿ ಕೇಳಬೇಕು.