ಫಲ ಬಂದರೆ ದಾನ ಕೆಡುತ್ತದೆಯೇ?

ಅರವತ್ತು ದಾಟಿದವರ ತೋಳನ್ನು ಗಮನಿಸಿ. ಹಳೆಯ ನಾಲ್ಕಾಣೆಯಷ್ಟು ಅಗಲದ, ಕೊಂಚ ಒಳಕ್ಕೆ ತಗ್ಗಿದ ಗುರುತೊಂದು ಕಂಡೀತು. ‘ದಾಕು ಹಾಕಿಸಿದ್ದು’ ಎನ್ನುತ್ತಾರೆ ಅಜ್ಜಿಯರು. ಅದು ಸಿಡುಬಿನ ಲಸಿಕೆ. 1960ರ ದಶಕದ ಕೊನೆಯ ಹೊತ್ತಿಗೆ ಬಳಕೆಗೆ ಬಂದ ಸೂಜಿಯ ತುದಿ ಕವಲೊಡೆದಿರುತ್ತಿತ್ತು. ಕವಲಿನ ನಡುವೆ ನಿಂತ ಒಂದೇ ಹನಿ ಲಸಿಕೆ, ತೋಳಿಗೆ ಹದಿನೈದು ಚುಚ್ಚು. ಅಷ್ಟಕ್ಕೆ ಕೆಲಸ ಮುಗಿಯಿತು.

ಆ ಹನಿಯ ಖರ್ಚು ಯಾರದು? ವಿಶ್ವ ಆರೋಗ್ಯ ಸಂಸ್ಥೆ 1967ರಲ್ಲಿ ಚುರುಕುಗೊಳಿಸಿದ ಸಿಡುಬು ನಿರ್ಮೂಲನೆಯ ಕೆಲಸಕ್ಕೆ ಒಟ್ಟು ಸುಮಾರು 30 ಕೋಟಿ ಡಾಲರ್ ತಗಲಿತು. ಅದರಲ್ಲಿ ಹೆಚ್ಚಿನ ಪಾಲನ್ನು ರೋಗವಿದ್ದ ದೇಶಗಳೇ ಹೊತ್ತವು, ಉಳಿದದ್ದು ಹೊರಗಿನ ನೆರವು. ಸೋವಿಯತ್ ಒಕ್ಕೂಟ ನೂರು ಕೋಟಿಗೂ ಮಿಕ್ಕಿ ಡೋಸ್ ಲಸಿಕೆ ಕೊಟ್ಟಿತು. ಅಮೆರಿಕ ಹಣವನ್ನೂ ತಜ್ಞರನ್ನೂ ಕಳಿಸಿತು. ಅಮೆರಿಕದಲ್ಲಿ 1949ರ ಬಳಿಕ ಸಿಡುಬು ಕಾಣಿಸಿಕೊಂಡಿರಲಿಲ್ಲ. ಆದರೂ ಎಲ್ಲಿಂದಲೋ ಬಂದು ವಕ್ಕರಿಸೀತೆಂಬ ಅಂಜಿಕೆಯಿಂದ 1972ರವರೆಗೂ ಅಲ್ಲಿನ ಮಕ್ಕಳಿಗೆ ಲಸಿಕೆ ತಪ್ಪಿರಲಿಲ್ಲ. 1977ರಲ್ಲಿ ಸೊಮಾಲಿಯಾದಲ್ಲಿ ಕೊನೆಯ ಸಹಜ ಪ್ರಕರಣ ಕಂಡಿತು. 1980ರಲ್ಲಿ ರೋಗ ಅಳಿಯಿತೆಂದು ಸಾರಲಾಯಿತು. ಲಸಿಕೆ, ತಪಾಸಣೆಗಳ ಖರ್ಚು ನಿಂತಿತು. ದೂರದೇಶಕ್ಕೆ ಕೊಟ್ಟ ಹಣ ಹಲವು ಪಟ್ಟಾಗಿ ಕೊಟ್ಟವರ ಮನೆಗೇ ಮರಳಿತು.

ಹಾಗಾದರೆ ಅದು ದಾನವೋ, ಬಂಡವಾಳವೋ?

ಪ್ರಶ್ನೆ ಹಳೆಯದು. 17ನೇ ಶತಮಾನದ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಲಂಡನ್ನಿನ ಬೀದಿಯಲ್ಲಿ ಮುದುಕನೊಬ್ಬನಿಗೆ ಕಾಸು ಕೊಟ್ಟದ್ದನ್ನು ಅವನ ಸ್ನೇಹಿತ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಜೊತೆಗಿದ್ದ ಪಾದ್ರಿ, ಕ್ರಿಸ್ತನ ಆಜ್ಞೆ ಇಲ್ಲದಿದ್ದರೂ ಕೊಡುತ್ತಿದ್ದಿರಾ ಎಂದು ಕೇಳಿದ. ಕೊಡುತ್ತಿದ್ದೆ, ಅವನ ಪಾಡು ನೋಡಿ ನನಗೂ ಸಂಕಟವಾಗಿತ್ತು, ಈಗ ಅವನ ಜೊತೆ ನನ್ನದೂ ತಗ್ಗಿತು ಎಂಬರ್ಥದ ಉತ್ತರ ಬಂತು. ಹಾಗಿದ್ದರೆ ಎಲ್ಲ ದಾನವೂ ಕೊನೆಗೆ ಸ್ವಾರ್ಥವೇ ಎಂದು ವಾದಿಸಬಹುದು.

ಮುಂದಿನ ಶತಮಾನದಲ್ಲಿ ಜೋಸೆಫ್ ಬಟ್ಲರ್ ಈ ವಾದದ ಬುಡಕ್ಕೇ ಕೈಹಾಕಿದ. ಅವನ ವಿಚಾರವನ್ನು ನಮ್ಮ ಮಾತಲ್ಲಿ ಹೇಳುವುದಾದರೆ, ಹಸಿದವನಿಗೇ ಊಟ ರುಚಿಸುವುದು. ಹಾಗೆಯೇ ಪರರ ನೋವಿಗೆ ಮೊದಲೇ ಮರುಗಿದವನಿಗೆ ಮಾತ್ರ ಕೊಟ್ಟ ಮೇಲೆ ನೆಮ್ಮದಿ. ಮುದುಕನ ಗೊಡವೆಯೇ ಇಲ್ಲದವನಿಗೆ ಯಾವ ಸಂಕಟ ತಗ್ಗಬೇಕು? ಸುಖ ಹಿಂದೆ ಬಂತೆಂದ ಮಾತ್ರಕ್ಕೆ ಸುಖಕ್ಕಾಗಿಯೇ ಕೊಟ್ಟ ಎನ್ನಲಾಗದು.

ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವೂ ಈ ಗೆರೆಯನ್ನು ಎಳೆಯುತ್ತದೆ. ಕೊಡುವುದು ಕರ್ತವ್ಯವೆಂದು, ತಿರುಗಿ ಉಪಕಾರ ಮಾಡದವನಿಗೂ, ದೇಶ ಕಾಲ ಪಾತ್ರ ನೋಡಿ ಕೊಟ್ಟದ್ದು ಸಾತ್ತ್ವಿಕ. ಪ್ರತ್ಯುಪಕಾರದ ಮೇಲೆ ಕಣ್ಣಿಟ್ಟು ಕೊಟ್ಟದ್ದು ರಾಜಸ. ಅಲ್ಲಿ ತೂಗುವುದು ಕೊಡುವಾಗಿನ ಕಣ್ಣನ್ನು; ಆಮೇಲೆ ಬಂದ ಫಲವನ್ನಲ್ಲ.

ಸರ್ಕಾರಗಳು ಸಾತ್ತ್ವಿಕರಲ್ಲ, ನಿಜ. ಸಿಡುಬಿನ ಕೆಲಸದಲ್ಲೂ ಲೆಕ್ಕಾಚಾರವಿತ್ತು. ಆದರೆ ತಮಗೆ ಲಾಭವಾಗಬೇಕಾದರೂ ರೋಗ ಹೆಚ್ಚಿದ್ದಲ್ಲಿಗೇ ಹೋಗಬೇಕಿತ್ತು. ಅಲ್ಲಿ ಲಗಾಮು ಹಿಡಿದದ್ದು ರೋಗಿಯ ಅಗತ್ಯ. ತನ್ನ ಒಳಿತು ಪರರ ಒಳಿತಿನೊಳಗೇ ಅಡಗಿದೆ ಎಂಬ ಈ ಅರಿವನ್ನು ‘ವಿವೇಕದ ಸ್ವಹಿತ’ ಎನ್ನಬಹುದು.

ಲಗಾಮು ಕೈಬದಲಾದರೆ ಏನಾಗುತ್ತದೆಂಬುದಕ್ಕೂ ನಮ್ಮ ಹಿರಿಯರೇ ಸಾಕ್ಷಿ. ಶಾಲೆಯ ಅಮೆರಿಕದ ಉಪ್ಪಿಟ್ಟು, ಪುಡಿಹಾಲು ಅವರಿಗೆ ನೆನಪಿದೆ. 1954ರ ಪಿ.ಎಲ್. 480 ಕಾಯ್ದೆಯಡಿ ಅಮೆರಿಕ ತನ್ನಲ್ಲಿ ಮಿಕ್ಕಿದ ಧಾನ್ಯವನ್ನು ಹೊರದೇಶಗಳಿಗೆ ಸಾಗಿಸಿತು. ತನ್ನ ರೈತರ ಬೆಳೆಗೆ ದಾರಿಯೂ ಆಯಿತು. 1965-66ರ ಬರದಲ್ಲಿ ಆ ಗೋಧಿ ಎಷ್ಟೋ ಹೊಟ್ಟೆಗಳನ್ನು ಕಾಯಿತು. ಆದರೆ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ತಡೆತಡೆದು ಬಿಟ್ಟರು. ಭಾರತದ ಕೃಷಿನೀತಿ ಬದಲಾಗಲೆಂಬ ಒತ್ತಾಯವಿತ್ತು, ವಿಯೆಟ್ನಾಂ ಯುದ್ಧದ ಬಗ್ಗೆ ನಾವಾಡಿದ ಮಾತಿಗೆ ಮುನಿಸೂ ಇತ್ತು. ಹಸಿವು ನೀಗಿತು, ಕೈಚಾಚಿ ನಿಂತ ಕಹಿ ಉಳಿಯಿತು. ಋಣದಲ್ಲಿ ಕಟ್ಟಿಹಾಕಲು ಹೊರಟವರಿಗೆ ಕೃತಜ್ಞತೆಯೂ ಪೂರ್ತಿ ದಕ್ಕಲಿಲ್ಲ.

ನೂರು ರೂಪಾಯಿ ಕೊಡುವ ನಮಗೂ ಇದೇ ಒರೆಗಲ್ಲು. ನೆಮ್ಮದಿ, ಹೆಸರು, ತೆರಿಗೆ ವಿನಾಯಿತಿ ಬಂದರೆ ಬರಲಿ. ಎಲ್ಲಿಗೆ, ಎಷ್ಟು, ಯಾವಾಗ ಎಂಬುದನ್ನು ಅವು ನಿರ್ಧರಿಸತೊಡಗಿದಾಗ ಮಾತ್ರ ಎಚ್ಚರವಾಗಬೇಕು.

ಇಂದಿನ ಮಕ್ಕಳ ತೋಳಿನಲ್ಲಿ ಸಿಡುಬಿನ ದಾಕಿನ ಗುರುತಿಲ್ಲ. ಬಿಹಾರದಲ್ಲೂ ಇಲ್ಲ, ಟೆಕ್ಸಸ್‌ನಲ್ಲೂ ಇಲ್ಲ. ಯಾವುದು ಕೊಟ್ಟವರ ಮಗು, ಯಾವುದು ಪಡೆದವರದು ಎಂದು ಆ ತೋಳು ನೋಡಿ ಹೇಳಲಾಗದು.